ಹದಿನೈದೇ ದಿನದಲ್ಲಿ ಹುಟ್ಟಿದ ಹಗೆ: 2011ರ ಸ್ಟಾನ್ಲಿ ಕಪ್ ಫೈನಲ್ ಯಾಕೆ ಅಷ್ಟು ಕಾವೇರಿತು?

ಸ್ಟಾನ್ಲಿ ಕಪ್ ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಕಪ್. ಅದರ ಫೈನಲ್ ಹೆಚ್ಚೆಂದರೆ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಬಾಸ್ಟನ್ ಬ್ರೂಯಿನ್ಸ್ ತಂಡ ಹೊಡೆದ ಗೋಲು 23. ವ್ಯಾಂಕೂವರ್ ಕನಕ್ಸ್ ಹೊಡೆದದ್ದು 8. ಲೆಕ್ಕ ನೋಡಿದರೆ ಇದು ಒಂದೇ ಕಡೆ ವಾಲಿದ ಆಟ ಅನ್ನಿಸುತ್ತದೆ, ಅಲ್ವಾ? ಆದರೆ ಸರಣಿ ಏಳನೇ ಪಂದ್ಯದವರೆಗೂ ಎಳೆಯಿತು. ಕೊನೆಯ ಪಂದ್ಯ ಶುರುವಾಗುವಾಗ ಎರಡೂ ತಂಡ 3-3ರಲ್ಲಿ ಸಮನಾಗಿ ನಿಂತಿದ್ದವು. ನಡುವೆ ಒಬ್ಬ ಇನ್ನೊಬ್ಬನ ಬೆರಳು ಕಚ್ಚಿದ ಅನ್ನುವ ದೂರು ಬಂತು. ಇಬ್ಬರು ಸ್ಟ್ರೆಚರ್ ಮೇಲೆ ಅಥವಾ ಹೆಗಲಾಸರೆಯಲ್ಲಿ ಅಂಗಳ ಬಿಟ್ಟರು. ಗೋಲ್‌ಕೀಪರ್‌ಗಳು ಪತ್ರಕರ್ತರ ಮುಂದೆಯೇ ಒಬ್ಬರಿಗೊಬ್ಬರು ಟಾಂಗ್ ಕೊಟ್ಟರು. ಎಲ್ಲ ಮುಗಿದ ರಾತ್ರಿ ವ್ಯಾಂಕೂವರ್‌ನಲ್ಲಿ ಪೊಲೀಸ್ ಕಾರುಗಳಿಗೆ ಬೆಂಕಿ ಬಿತ್ತು.

ವಿಚಿತ್ರ ಏನೆಂದರೆ, ಈ ಎರಡು ತಂಡಗಳ ನಡುವೆ ಹಳೇ ದ್ವೇಷ ಅನ್ನುವಂಥದ್ದೇನೂ ಇರಲಿಲ್ಲ. ಬಾಸ್ಟನ್ ಅಮೆರಿಕದ ಪೂರ್ವ ತೀರದಲ್ಲಿದೆ. ವ್ಯಾಂಕೂವರ್ ಕೆನಡಾದ ಪಶ್ಚಿಮ ತುದಿಯಲ್ಲಿದೆ. ನಡುವೆ ಸುಮಾರು 4,000 ಕಿಲೋಮೀಟರ್ ದೂರ, ಗಡಿಯಾರದಲ್ಲಿ ಮೂರು ಗಂಟೆ ಅಂತರ. ಬಾಸ್ಟನ್‌ನವರ ಹಳೇ ಎದುರಾಳಿ ಮಾಂಟ್ರಿಯಲ್. ವ್ಯಾಂಕೂವರ್‌ನವರಿಗೆ ಆ ಹೊತ್ತಿನಲ್ಲಿ ಮೈ ಉರಿಯುತ್ತಿದ್ದದ್ದು ಶಿಕಾಗೊ ಮೇಲೆ. ಆ ಇಡೀ ಸೀಸನ್‌ನ ಲೀಗ್ ಹಂತದಲ್ಲಿ ಇವೆರಡೂ ಎದುರಾದದ್ದು ಒಂದೇ ಒಂದು ಸಲ. ಅಂದರೆ ಜೂನ್ 1ರಿಂದ ಜೂನ್ 15ರ ಒಳಗೆ, ಹೆಚ್ಚುಕಡಿಮೆ ಸೊನ್ನೆಯಿಂದ, ಇಷ್ಟೆಲ್ಲ ಹಗೆ ಬೆಳೆದು ನಿಂತಿತು.

ಆಟಗಾರರ ಸ್ವಭಾವವೇ ಹಾಗೆ, ಐಸ್ ಹಾಕಿ ಅಂದರೇ ಹೊಡೆದಾಟ ಅಂತ ಸುಮ್ನೆ ಹೇಳಿ ಮುಗಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಬಿಸಿ ಏರಿದ್ದಕ್ಕೆ ಆಟದ ನಿಯಮದಲ್ಲೇ ಕಾರಣವಿದೆ. ಅದರಲ್ಲೂ ಒಂದು ನಿಯಮ. ಅದನ್ನು ಬಿಡಿಸಿಕೊಂಡರೆ ಈ ಸರಣಿಯ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಹಾಕಿ ಅಂದರೆ ನಮಗೆ ಕೊಡಗು ನೆನಪಾಗುತ್ತದೆ, ಟರ್ಫ್ ನೆನಪಾಗುತ್ತದೆ. ಹಾಗಾಗಿ ಮೊದಲು ಅಂಗಳವನ್ನು ನೋಡೋಣ. ಎನ್‌ಎಚ್‌ಎಲ್ ಲೀಗಿನ ಮಂಜುಗಡ್ಡೆಯ ಅಂಗಳ ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಸುತ್ತಲೂ ಎದೆಮಟ್ಟದ ಹಲಗೆಗೋಡೆ, ಅದರ ಮೇಲೆ ಗಾಜು. ಚೆಂಡಿಲ್ಲ. ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ ಇದೆ, ಅದೇ ಪಕ್. ತೂಕ ಸುಮಾರು 170 ಗ್ರಾಂ. ಪುಟಿಯದೆ ಜಾರಲಿ ಅಂತ ಪಂದ್ಯಕ್ಕೆ ಮುಂಚೆ ಅದನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಗೋಡೆಗೆ ಬಡಿದ ಪಕ್ ವಾಪಸ್ ಅಂಗಳಕ್ಕೇ ಬರುವುದರಿಂದ ಆಟ ನಿಲ್ಲುವುದು ಕಡಿಮೆ. ಪ್ರತಿ ತಂಡದಿಂದ ಐವರು ಆಟಗಾರರು, ಒಬ್ಬ ಗೋಲ್‌ಕೀಪರ್. ಓಟದ ವೇಗ ಎಷ್ಟಿರುತ್ತದೆ ಅಂದರೆ ಮುಕ್ಕಾಲು ನಿಮಿಷ ಆಡುವಷ್ಟರಲ್ಲಿ ಕಾಲು ಸೋಲುತ್ತದೆ. ಆಟ ನಡೆಯುತ್ತಿರುವಾಗಲೇ ಬೇಲಿ ಹಾರಿ ಬೆಂಚಿಗೆ ಬರುತ್ತಾರೆ, ಇನ್ನೊಂದು ಗುಂಪು ಹಾರಿ ಒಳಗೆ ಹೋಗುತ್ತದೆ. 20 ನಿಮಿಷದ ಮೂರು ಅವಧಿ ಪೂರ್ತಿ ಇದೇ ಕಥೆ.

ಪಕ್ ಇಟ್ಟುಕೊಂಡವನಿಗೆ ಹೆಗಲಿನಿಂದ, ಸೊಂಟದಿಂದ ಗುದ್ದಿ ಬೀಳಿಸುವುದು ಇಲ್ಲಿ ನಿಯಮದ ಒಳಗೇ ಇದೆ. ಪಕ್ ಇಲ್ಲದವನನ್ನು ಗುದ್ದಿದರೆ ತಪ್ಪು. ಈಗಷ್ಟೇ ಪಕ್ ಬಿಟ್ಟುಕೊಟ್ಟವನನ್ನು ಗುದ್ದಿದರೆ? ಸರಿ, ಆದರೆ ಆ 'ಈಗಷ್ಟೇ' ಎಷ್ಟು ಹೊತ್ತು? ಅರ್ಧ ಸೆಕೆಂಡೇ, ಒಂದು ಸೆಕೆಂಡೇ? ಮೂರನೇ ಪಂದ್ಯದ ಇಡೀ ಗಲಾಟೆ ನಿಂತದ್ದು ಈ ಪ್ರಶ್ನೆಯ ಮೇಲೆ.

ಇನ್ನು ಶಿಕ್ಷೆಯ ವಿಷಯ. ಸಣ್ಣ ತಪ್ಪಿಗೆ ಆಟಗಾರ ಎರಡು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಬೇಕು, ದೊಡ್ಡದಕ್ಕೆ ಐದು ನಿಮಿಷ. ಅವನ ಜಾಗಕ್ಕೆ ಇನ್ನೊಬ್ಬ ಬರುವಂತಿಲ್ಲ. ಐವರ ಎದುರು ನಾಲ್ವರು ಆಡಬೇಕು. ಕಬಡ್ಡಿಯಲ್ಲಿ ಒಬ್ಬ ಔಟಾಗಿ ಹೊರಗೆ ಕೂತರೆ ಉಳಿದವರು ಅಂಗಳ ತುಂಬಲು ಒದ್ದಾಡುತ್ತಾರಲ್ಲ, ಹಾಗೆ. ಹೆಚ್ಚು ಜನ ಇರುವ ತಂಡಕ್ಕೆ ಸಿಗುವ ಈ ಅವಕಾಶಕ್ಕೆ ಪವರ್ ಪ್ಲೇ ಅನ್ನುತ್ತಾರೆ. ಕ್ರಿಕೆಟ್‌ನ ಪವರ್ ಪ್ಲೇ ಎರಡೂ ತಂಡಕ್ಕೆ ಪಾಳಿ ಪ್ರಕಾರ ಸಿಗುತ್ತದೆ. ಇದು ಎದುರಾಳಿಯ ತಪ್ಪಿನಿಂದ ಮಾತ್ರ ಸಿಗುವಂಥದ್ದು.

ಈಗ ನಾನು ಹೇಳಿದ ಆ ನಿಯಮಕ್ಕೆ ಬಂದೆವು. ಐಸ್ ಹಾಕಿಯಲ್ಲಿ ಒರಟುತನಕ್ಕೆ ಒಂದು ಬೆಲೆ ಇದೆ. ಆ ಬೆಲೆಯನ್ನು ಗೊತ್ತು ಮಾಡುವವನು ರೆಫರಿ ಅಲ್ಲ, ಎದುರಾಳಿಯ ಪವರ್ ಪ್ಲೇ. ಅವರು ನಾಲ್ಕರಲ್ಲಿ ಒಂದು ಸಲ ಗೋಲು ಹೊಡೆಯುವವರಾದರೆ ಕೈ ಎತ್ತುವ ಮುಂಚೆ ನೀವು ಯೋಚಿಸುತ್ತೀರಿ. ಹೊಡೆಯಲಾರದವರಾದರೆ ಎರಡು ನಿಮಿಷದ ಶಿಕ್ಷೆ ಬರೀ ವಿಶ್ರಾಂತಿ.

ಆ ವರ್ಷದ ಲೀಗ್ ಹಂತದಲ್ಲಿ ವ್ಯಾಂಕೂವರ್‌ನ ಪವರ್ ಪ್ಲೇ ಇಡೀ ಎನ್‌ಎಚ್‌ಎಲ್‌ಗೇ ಅತ್ಯುತ್ತಮವಾಗಿತ್ತು. ಹೆಚ್ಚುಕಡಿಮೆ ನಾಲ್ಕು ಅವಕಾಶಕ್ಕೆ ಒಂದು ಗೋಲು. ಅದರ ಜೀವಾಳ ಸ್ವೀಡನ್‌ನ ಅವಳಿ ಸೋದರರಾದ ಹೆನ್ರಿಕ್ ಸೆಡೀನ್ ಮತ್ತು ಡೇನಿಯಲ್ ಸೆಡೀನ್. ಇನ್ನೊಬ್ಬ ಎಲ್ಲಿರುತ್ತಾನೆ ಅಂತ ತಿರುಗಿ ನೋಡದೆ ಪಾಸ್ ಕೊಡುವ ಜೋಡಿ. ಡೇನಿಯಲ್ ಆ ಸೀಸನ್‌ನಲ್ಲಿ 104 ಅಂಕ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಗಳಿಸಿ ಲೀಗಿನಲ್ಲೇ ಮೊದಲಿಗನಾಗಿದ್ದ. ಇವರದ್ದು ಒಂದೇ ನೀತಿ. ನೀನು ಹೊಡೆ, ನಾನು ತಿರುಗಿ ಹೊಡೆಯುವುದಿಲ್ಲ. ನಿನ್ನನ್ನು ಬಾಕ್ಸ್‌ಗೆ ಕಳಿಸಿ ಗೋಲು ಹೊಡೆಯುತ್ತೇನೆ. ಈ ನೀತಿಯಿಂದಲೇ ತಂಡ 117 ಅಂಕ ಗಳಿಸಿ ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲೆ ನಿಂತಿತ್ತು. 1970ರಲ್ಲಿ ಲೀಗಿಗೆ ಸೇರಿದ ಕನಕ್ಸ್ ಅಲ್ಲಿಯವರೆಗೆ ಒಮ್ಮೆಯೂ ಸ್ಟಾನ್ಲಿ ಕಪ್ ಗೆದ್ದಿರಲಿಲ್ಲ. 1982 ಮತ್ತು 1994ರಲ್ಲಿ ಫೈನಲ್‌ನಲ್ಲಿ ಸೋತಿತ್ತು. ಊರಿಗೆ ಊರೇ ಈ ಸಲ ನಮ್ಮದೇ ಅಂತ ಕೂತಿತ್ತು.

ಬಾಸ್ಟನ್ ಬೇರೆ ಬಗೆಯ ತಂಡ. ನಾಯಕ ಸ್ಲೊವಾಕಿಯಾದ ಜ್ಡೆನೊ ಚಾರಾ, ಎತ್ತರ 206 ಸೆಂಟಿಮೀಟರ್, ಸ್ಕೇಟ್ ಕಟ್ಟಿಕೊಂಡರೆ ಇನ್ನೂ ಎತ್ತರ. ವ್ಯಾಂಕೂವರ್‌ನಲ್ಲೇ ಹುಟ್ಟಿ ಬೆಳೆದ ಮಿಲಾನ್ ಲೂಚಿಚ್ ಕೂಡ ಈ ಕಡೆಯೇ ಇದ್ದ. 43 ವರ್ಷದ ಮಾರ್ಕ್ ರೆಕಿ ಇದ್ದ. ಎದುರಾಳಿಯ ತಲೆ ಕೆಡಿಸುವುದನ್ನೇ ಕಸುಬು ಮಾಡಿಕೊಂಡ, ಮೊದಲ ಪೂರ್ಣ ಸೀಸನ್ ಆಡುತ್ತಿದ್ದ ಬ್ರಾಡ್ ಮಾರ್ಶಾಂಡ್ ಇದ್ದ. ಹಾಗಂತ ವ್ಯಾಂಕೂವರ್‌ನವರು ಸಾಧುಗಳ ಗುಂಪೇನಲ್ಲ. ಕೆಣಕುವುದರಲ್ಲಿ ಅಲೆಕ್ಸ್ ಬರೋಸ್, ಮ್ಯಾಕ್ಸಿಮ್ ಲಾಪಿಯೇರ್ ಯಾರಿಗೂ ಕಡಿಮೆ ಇರಲಿಲ್ಲ.

ಕಿಡಿ ಹೊತ್ತಿದ್ದು ಮೊದಲ ಪಂದ್ಯದ ಮೊದಲ ಅವಧಿಯ ಕೊನೆಯಲ್ಲಿ. ಶಿಳ್ಳೆ ಊದಿದ ಮೇಲೆ ತಳ್ಳಾಟ. ಬಾಸ್ಟನ್‌ನ ಪ್ಯಾಟ್ರಿಸ್ ಬರ್ಜರಾನ್‌ನ ಗ್ಲೌಸು ಬರೋಸ್‌ನ ಮುಖದ ಮೇಲಿತ್ತು. ಬರೋಸ್ ಬೆರಳು ಕಚ್ಚಿದ ಅಂತ ಬರ್ಜರಾನ್ ರೆಫರಿಗೆ ದೂರು ಕೊಟ್ಟ. ಟಿವಿಯಲ್ಲಿ ಅದನ್ನೇ ಹತ್ತಾರು ಸಲ ತೋರಿಸಿದರು. ಲೀಗ್ ಮಾತ್ರ, ಬೇಕಂತಲೇ ಕಚ್ಚಿದ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ ಹೇಳಿ ನಿಷೇಧ ಹಾಕಲಿಲ್ಲ. ಆ ಪಂದ್ಯವನ್ನು ವ್ಯಾಂಕೂವರ್ ಇನ್ನೇನು 19 ಸೆಕೆಂಡ್ ಇದೆ ಅನ್ನುವಾಗ ರಾಫಿ ಟೊರೆಸ್ ಹೊಡೆದ ಗೋಲಿನಿಂದ 1-0ಯಲ್ಲಿ ಗೆದ್ದಿತು.

ಮುಂದಿನದು ಬಾಸ್ಟನ್‌ನವರ ಹೊಟ್ಟೆ ಉರಿಸಿತು. ನಿಷೇಧ ತಪ್ಪಿಸಿಕೊಂಡ ಅದೇ ಬರೋಸ್ ಎರಡನೇ ಪಂದ್ಯದಲ್ಲಿ ಎರಡು ಗೋಲು ಹೊಡೆದ. ಎರಡನೆಯದು ಓವರ್‌ಟೈಮ್ ಶುರುವಾಗಿ ಬರೀ 11 ಸೆಕೆಂಡಿಗೆ. 3-2. ಸಾಲದ್ದಕ್ಕೆ ಲಾಪಿಯೇರ್ ತನ್ನ ಬೆರಳನ್ನು ಬರ್ಜರಾನ್ ಬಾಯಿಯ ಹತ್ತಿರ ಹಿಡಿದು, 'ತಗೋ, ಕಚ್ಚು' ಅನ್ನುವ ಹಾಗೆ ಅಣಕಿಸಿದ.

ಇಲ್ಲಿ ಶಿಸ್ತು ಕ್ರಮದ ವ್ಯವಸ್ಥೆ ಎಷ್ಟು ಇಕ್ಕಟ್ಟಿನಲ್ಲಿತ್ತು ಅಂತ ಹೇಳಲೇಬೇಕು. ಲೀಗಿನಲ್ಲಿ ಶಿಕ್ಷೆ ತೀರ್ಮಾನಿಸುವ ಹುದ್ದೆಯಲ್ಲಿದ್ದವರು ಕಾಲಿನ್ ಕ್ಯಾಂಬೆಲ್. ಅವರ ಮಗ ಗ್ರೆಗರಿ ಕ್ಯಾಂಬೆಲ್ ಬಾಸ್ಟನ್ ತಂಡದಲ್ಲೇ ಆಡುತ್ತಿದ್ದ. ಹಾಗಾಗಿ ಬಾಸ್ಟನ್ ಪಂದ್ಯಗಳ ಜವಾಬ್ದಾರಿ ಮೈಕ್ ಮರ್ಫಿ ಅವರ ಹೆಗಲಿಗೆ ಬಿತ್ತು. ಇದರ ಜೊತೆಗೆ ಕ್ಯಾಂಬೆಲ್ ಆ ಕೆಲಸ ಬಿಡುತ್ತಾರೆ, ಬ್ರೆಂಡನ್ ಶಾನಹಾನ್ ಬರುತ್ತಾರೆ ಅನ್ನುವ ಘೋಷಣೆಯೂ ಫೈನಲ್ ಶುರುವಾದ ದಿನವೇ ಹೊರಬಿತ್ತು. ಯಜಮಾನ ಮನೆ ಖಾಲಿ ಮಾಡುವ ಹೊತ್ತಿಗೇ ಸರಿಯಾಗಿ ಜಗಳ ಶುರುವಾಯಿತು.

ಮೂರನೇ ಪಂದ್ಯ ಬಾಸ್ಟನ್‌ನಲ್ಲಿ. ಆಟ ಶುರುವಾಗಿ ಐದು ನಿಮಿಷ. ಬಾಸ್ಟನ್‌ನ ನೇಥನ್ ಹಾರ್ಟನ್ ಪಕ್ ಎಳೆದುಕೊಂಡು ಬಂದು, ವ್ಯಾಂಕೂವರ್‌ನ ನೀಲಿ ಗೆರೆ (ಎದುರಾಳಿಯ ಭಾಗ ಶುರುವಾಗುವ ಗೆರೆ) ದಾಟುವ ಹೊತ್ತಿಗೆ ಎಡಗಡೆ ಪಾಸ್ ಮಾಡಿದ. ಪಾಸ್ ಹೋದ ದಿಕ್ಕಿಗೇ ಕಣ್ಣು. ಎದುರಿನಿಂದ ವ್ಯಾಂಕೂವರ್‌ನ ಏರನ್ ರೋಮ್ ಬಂದು ಹೆಗಲಿನಿಂದ ಗುದ್ದಿದ. ಹಾರ್ಟನ್ ಬೆನ್ನು ಮೊದಲು, ತಲೆ ಆಮೇಲೆ ಮಂಜುಗಡ್ಡೆಗೆ ಬಡಿಯಿತು. ಮೇಲಕ್ಕೆ ಎತ್ತಿದ ಕೈ ಹಾಗೇ ಸೆಟೆದು ನಿಂತಿತ್ತು. ಸ್ಟ್ರೆಚರ್ ಮೇಲೆ ಹೊರಗೆ ಒಯ್ದರು. ತಲೆಗೆ ಜೋರು ಪೆಟ್ಟು, ಅವನ ಪಾಲಿಗೆ ಸರಣಿ ಮುಗಿಯಿತು.

ಗುದ್ದಿದ ರೀತಿಯಲ್ಲಿ ತಪ್ಪಿರಲಿಲ್ಲ. ಪಕ್ಕದಿಂದ ಕಾಣದಂತೆ ಬಂದು ತಲೆಗೆ ಹೊಡೆಯುವುದನ್ನು ತಡೆಯಲು ಅದೇ ಸೀಸನ್‌ನಲ್ಲಿ ಹೊಸ ನಿಯಮ ತಂದಿದ್ದರು. ಆದರೆ ರೋಮ್ ಬಂದದ್ದು ನೇರ ಎದುರಿನಿಂದ. ಆದ್ದರಿಂದ ಆ ನಿಯಮ ಇಲ್ಲಿ ಅನ್ವಯಿಸಲಿಲ್ಲ. ಮರ್ಫಿ ಹಿಡಿದದ್ದು ಎರಡು ವಿಷಯ. ಪಕ್ ಹೋದ ಮೇಲೆ ಗುದ್ದು ತಡವಾಗಿ ಬಿತ್ತು, ಪೆಟ್ಟು ತುಂಬ ಜೋರಾಗಿತ್ತು. ನಾಲ್ಕು ಪಂದ್ಯ ನಿಷೇಧ. ಸ್ಟಾನ್ಲಿ ಕಪ್ ಫೈನಲ್ ಚರಿತ್ರೆಯಲ್ಲೇ ಅಷ್ಟು ದೊಡ್ಡ ಶಿಕ್ಷೆ ಯಾರಿಗೂ ಆಗಿರಲಿಲ್ಲ. ಕಚ್ಚಿದವನಿಗೆ ಏನೂ ಇಲ್ಲ, ಒಂದು ಸೆಕೆಂಡಿನ ಆಸುಪಾಸು ತಡ ಮಾಡಿದವನಿಗೆ ಸರಣಿಯೇ ಇಲ್ಲ. ಎರಡೂ ಊರಿನವರಿಗೆ ತಮಗೇ ಅನ್ಯಾಯವಾಯಿತು ಅಂತ ಅನ್ನಿಸಲು ಬೇಕಾದಷ್ಟು ಸರಕು ಸಿಕ್ಕಿತು. ನನ್ನ ಪ್ರಕಾರ ಮೊದಲನೆಯದರಲ್ಲಿ ಒಂದು ಪಂದ್ಯದ ನಿಷೇಧವಾದರೂ ಬಿದ್ದಿದ್ದರೆ ಮುಂದಿನ ಬಿಸಿ ಅರ್ಧ ಇಳಿಯುತ್ತಿತ್ತು.

ಹಾರ್ಟನ್ ಹೊರಗೆ ಹೋದಾಗ ಸ್ಕೋರು 0-0. ಪಂದ್ಯ ಮುಗಿದಾಗ ಬಾಸ್ಟನ್ 8, ವ್ಯಾಂಕೂವರ್ 1. ಲಾಪಿಯೇರ್ ಶುರು ಮಾಡಿದ ಬೆರಳಿನ ಅಣಕವನ್ನು ಈ ಸಲ ರೆಕಿ, ಲೂಚಿಚ್ ಬಡ್ಡಿ ಸಮೇತ ತೀರಿಸಿದರು. ಆ ಎಂಟು ಗೋಲಿನಲ್ಲಿ ಎರಡು ಗೋಲು ಬಂದದ್ದು ಬಾಸ್ಟನ್‌ನ ಒಬ್ಬ ಆಟಗಾರ ಬಾಕ್ಸ್‌ನಲ್ಲಿ ಕೂತಿದ್ದಾಗ. ಅಂದರೆ ನಾಲ್ವರು ಐವರ ಮೇಲೆ ಹೊಡೆದರು. ಪವರ್ ಪ್ಲೇ ವ್ಯಾಂಕೂವರ್‌ನದು, ಗೋಲು ಬಾಸ್ಟನ್‌ನದು!

ಇಲ್ಲಿಗೆ ವ್ಯಾಂಕೂವರ್‌ನ ನೀತಿ ಮುರಿದುಬಿತ್ತು. ಏಳು ಪಂದ್ಯದಲ್ಲಿ ಅವರಿಗೆ ಮೂವತ್ತಕ್ಕೂ ಜಾಸ್ತಿ ಪವರ್ ಪ್ಲೇ ಸಿಕ್ಕವು. ಗೋಲು ಬಂದದ್ದು ಎರಡೇ ಎರಡು. ಅದೇ ಹೊತ್ತಿನಲ್ಲಿ ಬಾಸ್ಟನ್ ಅವರ ಮೇಲೆ ಒಬ್ಬ ಕಡಿಮೆ ಇದ್ದಾಗಲೇ ಮೂರು ಗೋಲು ಹೊಡೆಯಿತು. ಲೀಗಿನ ಅತ್ಯುತ್ತಮ ಪವರ್ ಪ್ಲೇ ಫೈನಲ್‌ನಲ್ಲಿ ನಷ್ಟದ ಬಾಬ್ತಾಗಿತ್ತು. ಒರಟುತನದ ಬೆಲೆ ಬಿದ್ದುಹೋದ ಮೇಲೆ ಬಾಸ್ಟನ್ ಯಾಕೆ ಕೈ ಕಟ್ಟಿ ಕೂರುತ್ತದೆ?

ಆರನೇ ಪಂದ್ಯದ ಒಂದು ದೃಶ್ಯ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಆಟ ನಿಂತಿದೆ. ಗೋಲಿನ ಪಕ್ಕ ಮಾರ್ಶಾಂಡ್ ಮತ್ತು ಡೇನಿಯಲ್ ಸೆಡೀನ್ ಮುಖಾಮುಖಿ. ಮಾರ್ಶಾಂಡ್ ಗ್ಲೌಸು ಕೂಡ ತೆಗೆಯದೆ ಸೆಡೀನ್ ಮುಖಕ್ಕೆ ಗುದ್ದುತ್ತಾನೆ. ಒಂದಲ್ಲ, ಸಾಲಾಗಿ ಹಲವು ಗುದ್ದು. ಪ್ರತಿ ಗುದ್ದಿಗೆ ಸೆಡೀನ್‌ನ ತಲೆ ಹಿಂದಕ್ಕೆ ವಾಲುತ್ತದೆ. ಅವನು ಸ್ಟಿಕ್ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಾನೆ. ಹತ್ತಿರದಲ್ಲೇ ರೆಫರಿ ಇದ್ದಾರೆ. ಆಮೇಲೆ ಯಾಕೆ ಹೊಡೆದೆ ಅಂತ ಮಾರ್ಶಾಂಡ್‌ನನ್ನು ಕೇಳಿದರೆ, ಹೊಡೆಯಬೇಕು ಅನ್ನಿಸಿತು, ಹೊಡೆದೆ ಅನ್ನುವ ಅರ್ಥದ ಉತ್ತರ ಕೊಟ್ಟ.

ಸೆಡೀನ್ ಹೇಡಿ ಅಂತ ಕೆನಡಾದಲ್ಲೇ ಎಷ್ಟೋ ಜನ ಆಡಿಕೊಂಡರು. ಅದು ಅನ್ಯಾಯದ ಮಾತು. ಅವನು ಮಾಡಿದ್ದು ಇಡೀ ವರ್ಷ ತಂಡಕ್ಕೆ ಗೆಲುವು ತಂದುಕೊಟ್ಟ ಕೆಲಸವನ್ನೇ. ತಿರುಗಿ ಹೊಡೆಯದೆ ಶಿಳ್ಳೆಗೆ ಕಾಯುವುದು. ಆದರೆ ಪ್ಲೇಆಫ್‌ನಲ್ಲಿ, ಅದರಲ್ಲೂ ಫೈನಲ್‌ನಲ್ಲಿ, ರೆಫರಿಗಳು ಸಣ್ಣಪುಟ್ಟದ್ದಕ್ಕೆ ಶಿಳ್ಳೆ ಊದುವುದು ಕಡಿಮೆ. ಕಪ್ ಯಾರಿಗೆ ಅಂತ ಆಟಗಾರರೇ ತೀರ್ಮಾನಿಸಲಿ, ನಾವಲ್ಲ ಅನ್ನುವ ಮನಸ್ಸು ಅಲ್ಲಿ ಹಳೆಯದು. ಕಾದು ಕೂತವನಿಗೆ ಆ ಮನಸ್ಸೇ ಮುಳುವಾಗುತ್ತದೆ.

ಇಷ್ಟಾದರೂ ವ್ಯಾಂಕೂವರ್ ಮೂರು ಪಂದ್ಯ ಗೆದ್ದಿತ್ತಲ್ಲ, ಅದು ಹೇಗೆ? ಉತ್ತರದ ಒಂದು ಪಾಲು ಸರಣಿಯ ಲೆಕ್ಕದಲ್ಲಿದೆ. ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಕಪ್. ಇಲ್ಲಿ ರನ್‌ರೇಟ್ ಥರದ್ದು ಇಲ್ಲ. 8-1 ಸೋಲೂ ಒಂದೇ ಸೋಲು, 1-0 ಗೆಲುವೂ ಒಂದೇ ಗೆಲುವು. ವ್ಯಾಂಕೂವರ್ ಗೆದ್ದದ್ದು 1-0, 3-2, 1-0. ಬರೀ ಐದು ಗೋಲಿಗೆ ಮೂರು ಗೆಲುವು. ಸೋತ ನಾಲ್ಕರಲ್ಲಿ ಒಟ್ಟು ಹೊಡೆದದ್ದು ಮೂರು ಗೋಲು.

ಇನ್ನೊಂದು ಪಾಲು ತವರಿನ ಅನುಕೂಲ. ಏಳರಲ್ಲಿ 1, 2, 5, 7ನೇ ಪಂದ್ಯ ವ್ಯಾಂಕೂವರ್‌ನಲ್ಲಿ, ಉಳಿದವು ಬಾಸ್ಟನ್‌ನಲ್ಲಿ. ಮೊದಲ ಆರೂ ಪಂದ್ಯ ತವರಿನವರೇ ಗೆದ್ದರು. ಜನರ ಕೂಗು ಒಂದು ಕಾರಣ ಅನ್ನಿ. ಆದರೆ ನಿಯಮದಲ್ಲೇ ಇರುವ ಅನುಕೂಲ ಬೇರೆ. ಆಟ ನಿಂತಾಗ ಹೊರಗಿನ ತಂಡ ತನ್ನ ಐವರನ್ನು ಮೊದಲು ಕಳಿಸಬೇಕು, ಅದನ್ನು ನೋಡಿಕೊಂಡು ತವರಿನ ಕೋಚ್ ತನ್ನವರನ್ನು ಆರಿಸುತ್ತಾನೆ. ಇದಕ್ಕೆ ಕೊನೆಯ ಬದಲಾವಣೆ ಅನ್ನುತ್ತಾರೆ. ಬಾಸ್ಟನ್‌ನಲ್ಲಿ ಕೋಚ್ ಕ್ಲಾಡ್ ಜೂಲಿಯನ್‌ಗೆ ಕೆಲಸ ಸುಲಭ. ಸೆಡೀನ್ ಅವಳಿಗಳು ಒಳಗೆ ಬಂದರೆ ಚಾರಾನನ್ನು ಬಿಡುವುದು, ಅವರು ಹೋದರೆ ಇವನನ್ನೂ ಕರೆಸಿಕೊಳ್ಳುವುದು. ವ್ಯಾಂಕೂವರ್‌ನಲ್ಲಿ ಕೋಚ್ ಅಲೆನ್ ವಿನ್ಯೋ ಅವಳಿಗಳನ್ನು ಚಾರಾನಿಂದ ತಪ್ಪಿಸಲು ನೋಡಬಹುದಿತ್ತು.

ಗೋಲ್‌ಕೀಪರ್‌ಗಳ ಕಥೆ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ. ವ್ಯಾಂಕೂವರ್‌ನ ರೊಬೆರ್ಟೊ ಲುವಾಂಗೊ ಹಿಂದಿನ ವರ್ಷ ಇದೇ ಅಂಗಳದಲ್ಲಿ ಕೆನಡಾಕ್ಕೆ ಒಲಿಂಪಿಕ್ ಚಿನ್ನ ಗೆದ್ದುಕೊಟ್ಟವನು. ಗೋಲಿನ ಒಳಗೇ ನಿಂತು, ದೊಡ್ಡ ಮೈಯಿಂದ ಜಾಗ ತುಂಬುವ ಶೈಲಿ. ಬಾಸ್ಟನ್‌ನ ಟಿಮ್ ಥಾಮಸ್ 37 ವರ್ಷದವನು. ಫಿನ್‌ಲೆಂಡ್‌ನಲ್ಲೆಲ್ಲ ಆಡಿ, ಮೂವತ್ತು ದಾಟಿದ ಮೇಲೆ ಎನ್‌ಎಚ್‌ಎಲ್‌ನಲ್ಲಿ ಕಾಲೂರಿದವನು. ಹಿಂದಿನ ಸೀಸನ್‌ನಲ್ಲಿ ಜಾಗ ಕಳೆದುಕೊಂಡು, ಸೊಂಟದ ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ಅವನು ಗೋಲು ಬಿಟ್ಟು ಮುಂದೆ ನುಗ್ಗುತ್ತಿದ್ದ, ಬೀಳುತ್ತಿದ್ದ, ಏಳುತ್ತಿದ್ದ. ಮುಂದೆ ಬಂದರೆ ಹೊಡೆಯುವವನಿಗೆ ಕಾಣುವ ಸಂದು ಚಿಕ್ಕದಾಗುತ್ತದೆ, ಸರಿ. ಆದರೆ ಪಕ್ ಗೋಡೆಗೆ ಬಡಿದು ಇನ್ನೊಂದು ಬದಿಗೆ ಬಂದರೆ ಗೋಲು ಖಾಲಿ.

ಐದನೇ ಪಂದ್ಯದಲ್ಲಿ ಆದದ್ದು ಅದೇ. ಹಿಂದಿನ ಗೋಡೆಗೆ ಬಡಿದು ಬಂದ ಪಕ್ ಅನ್ನು ಲಾಪಿಯೇರ್ ಒಳಗೆ ತಳ್ಳಿದ, 1-0. ಆಮೇಲೆ ಲುವಾಂಗೊ, ನಾನು ಒಳಗೇ ಇರುವವನಾದ್ದರಿಂದ ನನಗಾದರೆ ಅದು ಸುಲಭದ ತಡೆ ಅನ್ನುವಂತೆ ಹೇಳಿದ. ಆಟದ ತಂತ್ರದ ದೃಷ್ಟಿಯಿಂದ ಮಾತು ಸರಿ. ಕೇಳಿದವರಿಗೆ ಜಂಭ ಅನ್ನಿಸಿತು. ಮರುದಿನ, ನಾನು ಅವನನ್ನು ಹೊಗಳುತ್ತಲೇ ಇದ್ದೇನೆ, ಅವನ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೇ ಮಾತಿಲ್ಲ ಅಂತ ಬೇರೆ ಸೇರಿಸಿದ. ಅವನನ್ನು ಹೊಗಳುವುದು ನನ್ನ ಕೆಲಸ ಅಂತ ಗೊತ್ತಿರಲಿಲ್ಲ ಅಂತ ಥಾಮಸ್ ತಣ್ಣಗೆ ಉತ್ತರ ಕೊಟ್ಟ. ಆರನೇ ಪಂದ್ಯಕ್ಕೆ ಬಾಸ್ಟನ್‌ಗೆ ಹೋದ ಲುವಾಂಗೊ ಒಂಬತ್ತು ನಿಮಿಷದೊಳಗೆ ಮೂರು ಗೋಲು ಬಿಟ್ಟು ಬೆಂಚಿಗೆ ಬಂದ. ಬಾಸ್ಟನ್‌ನ ಮೂರು ಪಂದ್ಯ ಸೇರಿ ಅವನು ಬಿಟ್ಟ ಗೋಲು 15. ತವರಿನಲ್ಲಿ ಎರಡು ಸಲ ಸೊನ್ನೆಗೆ ಕಟ್ಟಿಹಾಕಿದವನೂ ಅವನೇ. ಆರನೇ ಪಂದ್ಯದ ಶುರುವಿನಲ್ಲೇ ಬಾಸ್ಟನ್ ಆಟಗಾರನೊಬ್ಬನ ಗುದ್ದಿಗೆ ಗೋಡೆಗೆ ಬಡಿದು ವ್ಯಾಂಕೂವರ್‌ನ ಮೇಸನ್ ರೇಮಂಡ್‌ಗೆ ಬೆನ್ನುಮೂಳೆ ಮುರಿಯಿತು. ಅದಕ್ಕೆ ಶಿಳ್ಳೆ ಕೂಡ ಬೀಳಲಿಲ್ಲ ಅಂತ ವ್ಯಾಂಕೂವರ್‌ನವರು ಕಹಿ ಕಾರಿಕೊಂಡರು.

ಏಳನೇ ಪಂದ್ಯ, ಜೂನ್ 15. ಆಡಲಾಗದ ಹಾರ್ಟನ್ ತಂಡದ ಜೊತೆ ವ್ಯಾಂಕೂವರ್‌ಗೆ ಬಂದಿದ್ದ. ಪಂದ್ಯಕ್ಕೆ ಮುಂಚೆ ಒಂದು ಬಾಟಲಿಯಿಂದ ಅಂಗಳದ ಮೇಲೆ ನೀರು ಚಿಮುಕಿಸಿದ. ಅದು ಬಾಸ್ಟನ್ ಅಂಗಳದ ಮಂಜುಗಡ್ಡೆ ಕರಗಿಸಿ ತಂದ ನೀರು. ಎದುರಾಳಿಯ ನೆಲವನ್ನು ನಮ್ಮದು ಮಾಡಿಕೊಳ್ಳುವ ಉಪಾಯ! ಆ ರಾತ್ರಿ ಗೋಲಿಗೆ ಜಾಸ್ತಿ ಹೊಡೆದವರು ವ್ಯಾಂಕೂವರ್‌ನವರೇ, 37 ಸಲ. ಥಾಮಸ್ 37ನ್ನೂ ತಡೆದ. ಬರ್ಜರಾನ್ ಎರಡು, ಮಾರ್ಶಾಂಡ್ ಎರಡು, 4-0. ಕಚ್ಚಿಸಿಕೊಂಡವನೂ ಗುದ್ದಿದವನೂ ಸೇರಿ ಮುಗಿಸಿದರು. ಬರ್ಜರಾನ್‌ನ ಎರಡನೇ ಗೋಲು ಬಂದದ್ದು ವ್ಯಾಂಕೂವರ್‌ನ ಪವರ್ ಪ್ಲೇ ನಡೆಯುತ್ತಿದ್ದಾಗ. ಬಾಸ್ಟನ್‌ಗೆ 1972ರ ನಂತರ ಮೊದಲ ಕಪ್. ಸರಣಿಯಲ್ಲಿ 246 ಹೊಡೆತದಲ್ಲಿ 238 ತಡೆದ ಥಾಮಸ್‌ಗೆ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ.

ವ್ಯಾಂಕೂವರ್‌ನ ಬೀದಿಗಳಲ್ಲಿ ದೊಡ್ಡ ಪರದೆ ಹಾಕಿದ್ದರು. ಲಕ್ಷಕ್ಕೂ ಹೆಚ್ಚು ಜನ ನೆರೆದಿದ್ದರು. ಸೋಲಿನ ಬೆನ್ನಿಗೇ ಕಾರುಗಳು ಮಗುಚಿ ಬಿದ್ದವು, ಬೆಂಕಿ ಹತ್ತಿತು, ಅಂಗಡಿಗಳು ಲೂಟಿಯಾದವು. 1994ರಲ್ಲಿ ಸೋತಾಗಲೂ ಹೀಗೇ ಆಗಿತ್ತು. ಈ ಸಲ ವ್ಯತ್ಯಾಸವೆಂದರೆ ಕೈಯಲ್ಲಿದ್ದ ಮೊಬೈಲು. ಹೊಡೆದವರೇ ಫೋಟೊ ತೆಗೆಸಿಕೊಂಡಿದ್ದರು. ಅವೇ ಸಾಕ್ಷಿಯಾಗಿ 300ರ ಆಸುಪಾಸು ಜನರ ಮೇಲೆ ಕೇಸು ಬಿದ್ದವು. ಮರುದಿನ ಬೆಳಿಗ್ಗೆ ಊರಿನವರೇ ಪೊರಕೆ ಹಿಡಿದು ಬಂದರು. ಒಡೆದ ಗಾಜಿನ ಜಾಗಕ್ಕೆ ಹೊಡೆದಿದ್ದ ಪ್ಲೈವುಡ್ ಮೇಲೆ ಕ್ಷಮೆ ಕೇಳಿ ಬರೆದರು.

ಎರಡೂ ತಂಡ ಮತ್ತೆ ಎದುರಾದದ್ದು 2012ರ ಜನವರಿ 7ರಂದು, ಬಾಸ್ಟನ್‌ನಲ್ಲಿ. ಕಪ್ಪಿಗೂ ಆ ಪಂದ್ಯಕ್ಕೂ ಸಂಬಂಧವಿಲ್ಲ, ಸುಮ್ನೆ ಒಂದು ಲೀಗ್ ಪಂದ್ಯ. ಆದರೂ ಶುರುವಿನಲ್ಲೇ ಕೈಕೈ ಮಿಲಾಯಿಸಿದರು. ಮಾರ್ಶಾಂಡ್ ಬಗ್ಗಿ ವ್ಯಾಂಕೂವರ್‌ನ ಸಾಮಿ ಸಾಲೊನ ಕಾಲಿಗೆ ಗುದ್ದಿ ಅವನನ್ನು ಎತ್ತಿ ಬೀಳಿಸಿದ. ಶಾನಹಾನ್ ಅವನಿಗೆ ಐದು ಪಂದ್ಯ ನಿಷೇಧ ಹಾಕಿದರು. ಆ ದಿನ ವ್ಯಾಂಕೂವರ್ 4-3ರಲ್ಲಿ ಗೆದ್ದಿತು. ನಾಲ್ಕೂ ಗೋಲು ಪವರ್ ಪ್ಲೇಯಲ್ಲೇ ಬಂದವು, ಏಳು ತಿಂಗಳು ತಡವಾಗಿ.